ಬೀಗತಿಯ ಬರಿಗೈ

ನನ್ನ ಮೊಮ್ಮಗಳು ಹುಟ್ಟಿದ ದಿನ ಬೈಲಹೊಂಗಲದ ದವಾಖಾನೆಯ ಮೆಟ್ಟಿಲ ಮೇಲೆ ಕುಳಿತಿದ್ದ ಗುರುತು ಪರಿಚಯವಿಲ್ಲದ ಮಂದಿಗೆಲ್ಲ ನಾನು ಸಕ್ಕರೆ ಹಂಚಿದೆ. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮುಖ ಗಂಟು ಹಾಕಿ ಕುಳಿತಿದ್ದ ಒಬ್ಬ ಮುದುಕನ ಬಾಯಿಗೂ ಒಂದು ಚಿಟಿಕೆ ಹಾಕಿದೆ. "ನನಗ ಸಕ್ಕರಿ ಬ್ಯಾನಿ ಐತಿ ಬೇ" ಎಂದ. "ನನ್ನ ಮೊಮ್ಮಗಳ ಸಕ್ಕರಿ ಯಾರಿಗೂ ಏನೂ ಮಾಡೂದಿಲ್ಲ, ನುಂಗು" ಎಂದೆ. ಪಾಪ, ನುಂಗಿದ. ಅಂಥ ಖುಷಿ ನನಗೆ. ಈಗ ಆ ಹುಡುಗಿ ಸೈಕಲ್ ತುಳಿದುಕೊಂಡು ಸಾಲೆಗೆ ಹೋಗುತ್ತಾಳೆ, ನನ್ನ ಮಾತಿಗೆ ಎದುರು ಮಾತು ಜೋಡಿಸುತ್ತಾಳೆ, ಆದರೂ ಅವಳ ಸುದ್ದಿ ತೆಗೆದರೆ ನನ್ನ ಬಾಯಿ ಮುಚ್ಚುವುದಿಲ್ಲ. ಕೇಳುವವರು ಎದ್ದು ಹೋದರೂ ನನ್ನ ಮಾತು ನಡೆದೇ ಇರುತ್ತದೆ.

ಆ ಖುಷಿಯೊಳಗೆ ಅವತ್ತು ಒಂದೇ ಒಂದು ಕೊರತೆ ಇತ್ತು. ನನ್ನ ಕೈ ನಡುಗುತ್ತಿತ್ತು.

ನಾನು ನಾಲ್ಕನೆಯ ಇಯತ್ತೆ ತನಕ ಕಲಿತವಳು. ಉಳಿದದ್ದನ್ನೆಲ್ಲ ಬೈಲಹೊಂಗಲದ ಸಂತೆ ಕಲಿಸಿತು. ಸಂಗೊಳ್ಳಿಯ ನಮ್ಮ ಹೊಲದಲ್ಲಿ ಬೆಳೆದ ಬದನೆಕಾಯಿ, ಹಸಿಮೆಣಸಿನಕಾಯಿ, ಮೆಂತೆ ಸೊಪ್ಪು ತಂದು ಗೋಣಿತಟ್ಟು ಹಾಸಿ ಕೂರುತ್ತಿದ್ದೆ. ಸಂತೆಯಲ್ಲಿ ಕುಳಿತವರಿಗೆ ಮೊದಲು ಬರುವ ವಿದ್ಯೆಯೇ ಸಂಶಯ. ಒಬ್ಬಳು ನಗುನಗುತ್ತ ನಿಮ್ಮ ಮಕ್ಕಳ ಕ್ಷೇಮ ಕೇಳುತ್ತಿದ್ದರೆ ಇನ್ನೊಬ್ಬಳ ಕೈ ನಿಮ್ಮ ಬುಟ್ಟಿಯಲ್ಲಿದೆ ಎಂದೇ ತಿಳಿಯಬೇಕು. ನನ್ನ ಮನೆಯವರು ಹೇಳುತ್ತಿದ್ದರು: "ಮ್ಯಾಲೆ ನೋಡು ಅಂದವನ ಕೈ ಕೆಳಗ ಇರತೈತಿ." ಈ ಮಾತು ನನಗೆ ದೇವರ ಮಾತಾಗಿತ್ತು.

ಆ ಮನುಷ್ಯ ಒಂದು ಮಧ್ಯಾಹ್ನ ಹೊಲದ ಬದುವಿನ ಮೇಲೆ ಬುತ್ತಿ ಬಿಚ್ಚಿಕೊಂಡು ಕುಳಿತವರು ಹಾಗೆಯೇ ಒರಗಿಬಿಟ್ಟರು. ರೊಟ್ಟಿಯ ತುತ್ತು ಇನ್ನೂ ಕೈಯಲ್ಲೇ ಇತ್ತು. ಅಂದಿನಿಂದ ನನ್ನ ಎರಡೂ ಕೈಗೆ ನಡುಕ ಹತ್ತಿತು. ಎದೆ ಸುಮ್ಮಸುಮ್ಮನೆ ಢವಢವ ಹೊಡೆದುಕೊಳ್ಳುವುದು. ಬೆಳಗಾವಿಯ ಡಾಕ್ಟರು ಎಲ್ಲ ತಪಾಸಣೆ ಮಾಡಿ, "ನರದಾಗ ಏನೂ ಇಲ್ಲಬೇ, ಮನಸ್ಸು ಸಮಾಧಾನ ಮಾಡ್ಕೊ" ಎಂದರು. ಸಮಾಧಾನ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಂತೆಯಲ್ಲಿ ತಕ್ಕಡಿ ಎತ್ತಿದರೆ ಮುಳ್ಳು ಕುಣಿಯುವುದು. ಗಿರಾಕಿಗಳು, "ಏನಬೇ, ಮುಳ್ಳು ಕುಣಸಾಕ ಹತ್ತೀ? ತೂಕ ಹೊಡೀತಿ ಕಾಣತೈತಿ" ಎಂದು ನನ್ನ ಕೈಯನ್ನೇ ದಿಟ್ಟಿಸುವರು. ಊರನ್ನೆಲ್ಲ ಸಂಶಯದಿಂದ ನೋಡಿದವಳನ್ನು ಊರೇ ಸಂಶಯದಿಂದ ನೋಡಿತು. ಸಂತೆಗೆ ಹೋಗುವುದನ್ನು ಬಿಟ್ಟೆ.

ಅದೇ ವರ್ಷ ಕಿತ್ತೂರಿನಲ್ಲಿ ಧ್ಯಾನ ಕಲಿಸುವವರೊಬ್ಬರು ಬಂದಿದ್ದಾರೆಂದು ಓಣಿಯ ಹೆಂಗಸರು ನನ್ನನ್ನೂ ಎಳೆದುಕೊಂಡು ಹೋದರು. ಬಾಡಿಗೆಯ ಹಾಲಿನಲ್ಲಿ ಜಮಖಾನೆ ಹಾಸಿತ್ತು. ಬಿಳಿ ಬಟ್ಟೆಯ ಗುರುಗಳು, "ಎಲ್ಲಾರೂ ಕಣ್ಣು ಮುಚ್ಚರಿ. ನಿಮ್ಮದು ಅಂತ ಇದ್ದದ್ದೆಲ್ಲಾ ನನಗ ಒಪ್ಪಿಸಿಬಿಡ್ರಿ" ಎಂದರು. ಎಲ್ಲರೂ ಮುಚ್ಚಿದರು. ನಾನು ಮುಚ್ಚಲಿಲ್ಲ. ಸಂತೆಯಲ್ಲಿ ಯಾರಾದರೂ ಕಣ್ಣು ಮುಚ್ಚುತ್ತಾರೆಯೇ? ನೋಡಿದರೆ ಗುರುಗಳ ಕಣ್ಣೂ ಮುಚ್ಚಿಲ್ಲ. ಮುಂದಿನ ಸಾಲಿನ ಹೆಂಗಸರ ಕೊರಳ ಕಡೆಗೇ ಇವೆ. ಅವರು ಸರ ನೋಡಿದರೋ ಗೋಡೆ ನೋಡಿದರೋ, ಆಣೆ ಮಾಡಿ ಹೇಳಲಾರೆ. ನಾನಂತೂ ಎದ್ದು ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದು ಕುಳಿತೆ. ಗುರುವಿನ ಆಸೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆಮೇಲೆ ಮಗಳ ಬಸುರಿನ ಸುದ್ದಿ ಬಂತು. ರಾಮದುರ್ಗಕ್ಕೆ ಕೊಟ್ಟ ಮಗಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ನನ್ನ ತಲೆಯಲ್ಲಿ ಒಂದೇ ಚಿತ್ರ. ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕುಳಿತು, ಕಣಕಾಲಿನ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಎಣ್ಣೆ ತೀಡಿ, ಬೆನ್ನಿನ ಮೇಲೆ ಬಿಸಿನೀರು ಹೊಯ್ಯುವುದು. ನನ್ನ ಅವ್ವ ನನ್ನ ಮಗಳಿಗೆ ಹಾಗೆ ಎರೆದಳು. ಅವಳ ಅವ್ವ ನನಗೆ ಎರೆದಳಂತೆ. ಈಗ ಸರದಿ ನನ್ನದು.

ದವಾಖಾನೆಯಿಂದ ಕೂಸನ್ನು ಮನೆಗೆ ತಂದು, ಹಂಡೆಯಲ್ಲಿ ನೀರು ಕಾಯಿಸಿ, ಸೀರೆ ಎತ್ತಿ ಕಟ್ಟಿ ನಾನು ಮಣೆಯ ಮೇಲೆ ಕೂರಬೇಕು, ಆಗ ಮಗಳು ಕೋಣೆಯೊಳಗಿಂದಲೇ ಹೇಳಿದಳು:

"ಯವ್ವಾ, ನೀ ಬ್ಯಾಡ."

"ಯಾಕ?"

"ನಿನ್ನ ಕೈ ನೋಡ್ಕೊ. ಕೈಯಾಗಿನ ತಂಬಗಿ ನೀರು ಅರ್ಧಾ ನೆಲಕ್ಕ ಬಿದ್ದೈತಿ. ಹಸಿ ಕೂಸದು, ಜಾರತೈತಿ. ನಾಳೆ ಅತ್ತಿ ಬರ್ತಾಳ, ಆಕಿ ಎರೀತಾಳ."

ಹಡೆದ ಮಗಳ ಬಾಯಿಂದ ಈ ಮಾತು. ನಾನು ತಂಬಿಗೆ ನೋಡಿದೆ. ಮಾತು ಸುಳ್ಳಲ್ಲ. ಅದೇ ಹೆಚ್ಚು ಉರಿಯಿತು.

ಮರುದಿನ ಬೀಗತಿ ಸವದತ್ತಿಯಲ್ಲಿ ಬಸ್ಸು ಬದಲಿಸಿಕೊಂಡು ಬಂದಳು. ಬಾಣಂತಿಯ ಅಂಟಿನುಂಡೆಗೆಂದು ಒಣಕೊಬ್ಬರಿ, ಉತ್ತತ್ತಿ, ಅಳವಿ ಎಲ್ಲ ಕಟ್ಟಿಕೊಂಡು ಬಂದಿದ್ದಳು. ಎತ್ತರದ ಹೆಂಗಸು. ತೋಳು ನೋಡಿದರೆ ಎರಡು ಕೊಡ ಒಟ್ಟಿಗೆ ಎತ್ತುವಂಥವು. ಹೊಸಿಲು ದಾಟುತ್ತಲೇ, "ಏನ್ ಬೀಗತೇರ, ಮೊಮ್ಮಗಳು ಬಂದ ಮ್ಯಾಲೆ ನೆಲಾ ಬಿಟ್ಟ ಗೇಣ ಮ್ಯಾಲೆ ಅಡ್ಯಾಡಾಕ ಹತ್ತೀರಂತ?" ಎಂದಳು. "ಹೌದ್ರಿ, ನೀವು ಬರೋ ತನಕ ಹಂಗ ಇತ್ತು" ಎಂದೆ. ಇಬ್ಬರೂ ನಕ್ಕೆವು. ಬೀಗರ ನಡುವೆ ಮಾತಿನ ಚುಚ್ಚು ನಮ್ಮ ಕಡೆ ಒಪ್ಪಿತವೇ. ನೇರವಾಗಿ ಏನನ್ನೂ ಕೇಳುವಂತಿಲ್ಲ, ಚೇಷ್ಟೆಯಲ್ಲಿ ಸುತ್ತಿ ಏನನ್ನಾದರೂ ಅನ್ನಬಹುದು.

ಅವಳು ಎರೆದಳು. ನಾನು ಪಕ್ಕದಲ್ಲಿ ನಿಂತು ನೀರು ಹೊಯ್ದೆ. ನನ್ನ ಮನೆ, ನನ್ನ ಹಂಡೆ, ನನ್ನ ಮಗಳ ಕೂಸು. ಕಾಲು ಮಾತ್ರ ಅವಳವು. ಆ ಕೈಗಳು ಎಷ್ಟು ಸ್ಥಿರ ಅಂದರೆ ಕೂಸು ಅಳುವುದನ್ನು ಮರೆತು ಬಿಸಿನೀರಿಗೆ ಬಾಯಿ ಚಪ್ಪರಿಸುತ್ತಿತ್ತು. ಈ ವಯಸ್ಸಿಗೆ ಇಷ್ಟು ಸ್ಥಿರ ಕೈ ಯಾರಿಗಿರುತ್ತದೆ? ಏನೋ ಇದೆ ಇವಳಲ್ಲಿ, ಎಂದಿತು ನನ್ನ ಸಂತೆಯ ಬುದ್ಧಿ.

ಅದೇನೆಂದು ಮಾರನೆಯ ದಿನ ಮೂಡಲ ಹರಿಯುವ ಹೊತ್ತಿಗೆ ಸಿಕ್ಕಿತು. ಹಂಡೆಯ ಒಲೆ ಹಚ್ಚಲು ಎದ್ದು ಬಂದರೆ, ಪಡಸಾಲೆಯಲ್ಲಿ ಜೋಳದ ಚೀಲಗಳ ಮಗ್ಗುಲಲ್ಲಿ ಬೀಗತಿ ಕುಳಿತಿದ್ದಾಳೆ. ಬೆನ್ನು ನೆಟ್ಟಗೆ, ಕಣ್ಣು ಮುಚ್ಚಿ. ಎಡಗೈ ಮಡಿಲಲ್ಲಿ ಅಂಗೈ ಮೇಲಾಗಿ. ಪೂಜೆಗೆ ಕುಳಿತಿದ್ದಾಳೆ ಎಂದುಕೊಂಡು ಹಗುರಕ್ಕೆ ಮುಂದೆ ಹೋದೆ. ಎಡ ಅಂಗೈಯ ಮೇಲೆ ಏನೂ ಇಲ್ಲ.

ಲಿಂಗವಂತರ ಮನೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಬರೆಯುತ್ತೇನೆ: ನಾವು ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ದಿಟ್ಟಿಸಿ ನೋಡುತ್ತ ಪೂಜೆ ಮಾಡುವವರು. ಹುಟ್ಟಿದಾಗ ಕಟ್ಟಿದ್ದು ಸಾಯುವತನಕ ಮೈಬಿಟ್ಟು ಹೋಗಬಾರದು. ಕಳೆದುಕೊಂಡವರು ಸಿಗುವವರೆಗೆ ಬಾಯಿಗೆ ನೀರು ಹಾಕಬಾರದೆಂದು ನಮ್ಮ ಹಿರಿಯರು ಅನ್ನುತ್ತಿದ್ದರು. ಇವಳು ಬರಿಗೈ ಮುಂದಿಟ್ಟುಕೊಂಡು, ನೋಡಲು ಏನೂ ಇಲ್ಲದ್ದಕ್ಕೆ ಕಣ್ಣು ಮುಚ್ಚಿಕೊಂಡು ಕುಳಿತಿದ್ದಾಳೆ. ನನಗೆ ಒಂದೇ ಅರ್ಥ ಹೊಳೆಯಿತು. ಬೀಗತಿ ಲಿಂಗ ಕಳೆದುಕೊಂಡಿದ್ದಾಳೆ. ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿಟ್ಟಿದ್ದಾಳೆ.

ನಿಜ ಹೇಳುತ್ತೇನೆ, ಒಳಗೊಳಗೇ ಖುಷಿಯಾಯಿತು. ಇಂಥವಳ ಕಾಲ ಮೇಲೆ ನನ್ನ ಮೊಮ್ಮಗಳನ್ನು ಹಾಕಬಹುದೇ? ಹಾಕಬಾರದು. ಹಾಗಾದರೆ ಯಾರು ಎರೆಯಬೇಕು? ನಾನೇ.

ಪತ್ತೆ ಶುರು ಮಾಡಿದೆ. ಮೊದಲು ಮಗಳನ್ನು ಕೇಳಿದೆ: "ನಿಮ್ಮತ್ತಿ ಮನ್ಯಾಗ ಪೂಜಿ ಮಾಡತಾಳೇನು?"

"ಮಾಡದ ಏನು?"

"ನೀ ಕಣ್ಣಾರೆ ನೋಡೀಯೇನು?"

"ಯವ್ವಾ, ನಾ ಬಾಣಂತಿ ಅದೇನಿ, ಪೊಲೀಸ ಅಲ್ಲ" ಎಂದು ಗೋಡೆಯ ಕಡೆ ಮಗ್ಗುಲಾದಳು.

ಮರುದಿನ ವಿಭೂತಿ, ನೀರಿನ ಬಟ್ಟಲು, ಎರಡು ಕಣಗಿಲೆ ಹೂವು ಇಟ್ಟು, "ಬೀಗತೇರ, ನಿಮ್ಮ ಪೂಜಿಗೆ ಇಟ್ಟೇನ್ರಿ" ಎಂದೆ. "ಆತ್ರಿ, ಜಳಕಾ ಆದಮ್ಯಾಲೆ" ಎಂದಳು. ಜಳಕವಾದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡಳು. ಬಾಗಿಲು ಯಾಕೆ ಹಾಕಬೇಕು? ಹೊರಗೆ ಬಂದಾಗ ಹಣೆಯ ಮೇಲೆ ವಿಭೂತಿ ಇತ್ತು, ಹೂವು ಬಟ್ಟಲಲ್ಲಿತ್ತು. ವಿಭೂತಿ ಯಾರು ಬೇಕಾದರೂ ಹಚ್ಚಿಕೊಳ್ಳಬಹುದು. ಊಟಕ್ಕೆ ಕುಳಿತಾಗ ಬದನೆಕಾಯಿ ಎಣಗಾಯಿ ಹಾಕಿ ಮುಖವನ್ನೇ ನೋಡಿದೆ. ಲಿಂಗ ಕಳೆದವರಿಗೆ ತುತ್ತು ಇಳಿಯಬಾರದು. ಇವಳಿಗೆ ಒಂದರ ಮೇಲೊಂದು ರೊಟ್ಟಿ ಇಳಿದವು. "ನಿಮ್ಮ ಬದನಿಕಾಯಿಗೆ ನಮ್ಮ ಊರಾಗ ಈ ರುಚಿ ಇಲ್ರಿ" ಎಂದು ಬೆರಳು ನೆಕ್ಕಿದಳು. ಕಳ್ಳಿಯಷ್ಟೇ ಅಲ್ಲ, ನಾಚಿಕೆಯಿಲ್ಲದ ಕಳ್ಳಿ ಎಂದುಕೊಂಡೆ. ಇಷ್ಟಾಗಿಯೂ ಪ್ರತಿ ಮುಂಜಾನೆ ಆ ಬರಿಗೈ ಅದೇ ಜಾಗದಲ್ಲಿ ಅರಳಿಕೊಂಡಿರುತ್ತಿತ್ತು.

ಕೂಸಿಗೆ ಲಿಂಗ ಕಟ್ಟಲು ಅಯ್ಯನವರು ಬಂದ ದಿನ ನಾನು ಕಾದು ಕುಳಿತಿದ್ದೆ. ಕಟ್ಟುವಾಗ ಕೂಸನ್ನು ತೊಡೆಯ ಮೇಲೆ ತೆಗೆದುಕೊಳ್ಳಲು ಬೀಗತಿ ಮುಂದೆ ಬಂದಳು. ಚೇಷ್ಟೆಯ ದನಿ ಮಾಡಿಕೊಂಡು ಅಯ್ಯನವರಿಗೆ ನಾನೆಂದೆ:

"ಅಜ್ಜಾರ, ಸಣ್ಣವರಿಗೆ ಕಟ್ಟೂದು ಇದ್ದದ್ದ ಐತಿ. ಮೊದಲ ದೊಡ್ಡವರ ಕೊರಳಾಗಿನದು ಐತೋ ಇಲ್ಲೋ ನೋಡಬಾರದ್ಯಾಕ?"

ಅಯ್ಯನವರು ತಲೆ ಎತ್ತಿ ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿದರು. ಮಗಳ ಮುಖ ಬಿಳಿಚಿಕೊಂಡಿತು. ಬೀಗತಿ ಮಾತ್ರ ಸೆರಗಿನೊಳಗೆ ಕೈ ಹಾಕಿ ಬೆಳ್ಳಿಯ ಗುಂಡಗಡಗಿ ಹೊರಗೆ ತೆಗೆದಳು. ಮುಚ್ಚಳ ಬಿಚ್ಚಿದಳು. ಕಪ್ಪಗೆ ಮಿಂಚುವ ಲಿಂಗ. ಅಂದು ಮುಂಜಾನೆ ಹಚ್ಚಿದ ವಿಭೂತಿ ಇನ್ನೂ ಹಸಿಯಾಗಿತ್ತು.

"ಐತ್ರಿ ಬೀಗತೇರ. ತೂಕಾ ಮಾಡತೀರೇನು?" ಎಂದಳು.

ಅಯ್ಯನವರು ನಕ್ಕುಬಿಟ್ಟರು. ಮಗಳು ನಗಲಿಲ್ಲ. ನಾನೂ ಹಲ್ಲು ಕಿರಿದೆ, ಮಾಡುವುದೇನು? ಕೂಸಿಗೆ ಲಿಂಗ ಕಟ್ಟಿ ಅಯ್ಯನವರು ಊಟ ಮಾಡಿ ಹೋದರು. ಆದರೆ ನನ್ನ ಸಂಶಯ ಕರಗಲಿಲ್ಲ, ಇಮ್ಮಡಿಯಾಯಿತು. ಇಲ್ಲದವರು ಬರಿಗೈಯಲ್ಲಿ ಕುಳಿತರೆ ಅರ್ಥವಾಗುತ್ತದೆ. ಇದ್ದವರು ಅದನ್ನು ಮುಚ್ಚಿಟ್ಟು ಬರಿಗೈಯಲ್ಲಿ ಕುಳಿತರೆ? ಅದು ಯಾವ ವಿದ್ಯೆ? ಯಾರ ಮೇಲೆ?

ಮಧ್ಯಾಹ್ನ ಹಿತ್ತಿಲಲ್ಲಿ ಕೂಸಿನ ದುಪಟಿ ಒಣಹಾಕುವಾಗ ಅವಳೇ ಹತ್ತಿರ ಬಂದಳು.

"ಮುಂಜಾನಿ ದಿನಾ ಬಾಗಲಾ ಸಂದ್ಯಾಗ ನಿಂತ ನೋಡತಿದ್ದಿರಿ. ನನಗ ಗೊತ್ತಿತ್ತು."

"ಕಣ್ಣು ಮುಚ್ಚಿದ್ದಿರಲ್ಲ?"

"ನಿಮ್ಮ ಬಳಿ ಸಪ್ಪಳ ಆಗತಿದ್ವಲ್ರಿ. ಕೈ ನಡಗತಾವು, ಬಳಿ ಬಡೀತಾವು."

ಮನೆಯವರು ಹೋದ ಮೇಲೆ ಕೈಯಲ್ಲಿ ಉಳಿದ ಬೆಳ್ಳಿ ಬಳೆಗಳನ್ನು ನೋಡಿಕೊಂಡೆ. "ಅದಿರಲಿ. ಲಿಂಗ ಮುಚ್ಚಿಟ್ಟು ಏನು ನೋಡತೀರಿ ನೀವು?"

"ಪೂಜಿ ಪೂಜಿ. ಅದು ಬ್ಯಾರೆ. ಮುಂಜಾನಿ ಕುಂದರೂದು ಉಸಿರು ನೋಡಾಕ."

"ಉಸಿರು ಕಾಯಾಕ ಕುಂದರತೀರಾ? ಅದನ್ಯಾರು ಕದೀತಾರ?"

"ಕದೀತಾರ್ರಿ. ನಿಮ್ಮದನ್ನ ಕದ್ದಾರ, ನೋಡ್ರಿ, ಮಾತಾಡೂವಾಗ ಅರ್ಧಾ ಉಸಿರು ಎಲ್ಲೋ ಹೋಗತೈತಿ."

ಅವಳು ದುಪಟಿಯ ಇನ್ನೊಂದು ತುದಿ ಹಿಡಿದು ಹಿಂಡುತ್ತ ತನ್ನ ಕಥೆ ಹೇಳಿದಳು. ಮೊದಲು ಅವಳ ಸಿಟ್ಟು ಎಂಥದೆಂದರೆ ಓಣಿಯ ನಾಯಿಗಳೂ ಅವಳ ಬಾಗಿಲು ಬಿಟ್ಟು ಆಚೆಯಿಂದ ಹೋಗುತ್ತಿದ್ದವಂತೆ. ಒಮ್ಮೆ ದವಾಖಾನೆಯಲ್ಲಿ ಸರತಿಗಾಗಿ ಜಗಳ ತೆಗೆದು ಎದೆ ಹಿಡಿದುಕೊಂಡು ಕುಸಿದಾಗ ಒಬ್ಬ ನರ್ಸಬಾಯಿ ಪಕ್ಕದಲ್ಲಿ ಕುಳಿತು, "ಉಸಿರು ಎಲ್ಲಿ ಬಡದ ಹೊರಗ ಹೋಗತೈತಿ, ಅಷ್ಟ ನೋಡು" ಎಂದಳಂತೆ. ಆ ಬಾಯಿ ಈಗ ನಿವೃತ್ತಿಯಾಗಿ ರಾಮದುರ್ಗದಲ್ಲೇ ಇದ್ದಾಳೆ. ಬೀಗತಿ ಅವಳ ಮನೆಗೆ ಹೋಗಿ ಕೂರುವುದನ್ನು ಕಲಿತಳು.

"ಯಾರ ಪೈಕಿ ಆಕಿ?" ಎಂದೆ.

"ಬುದ್ಧನ ಪೈಕಿ. ಅವರಪ್ಪನ ಕಾಲದಾಗ ಕೇರಿ ಮಂದಿ ಎಲ್ಲಾ ಕೂಡಿ ಬುದ್ಧನ ದಾರಿ ಹಿಡದ್ರಂತ."

ಕೇರಿ ಎಂದ ಮೇಲೆ ತಿಳಿಯಿತು. ದುಪಟಿ ಹಿಂಡುವುದನ್ನು ಬಿಟ್ಟೆ. "ಅವರ ಮನ್ಯಾಗ ನೀರು ಕುಡದೀರೇನು?"

"ಚಾ ಕುಡದೇನಿ, ಅವಲಕ್ಕಿ ತಿಂದೇನಿ. ಬೈಲಹೊಂಗಲ ದವಾಖಾನ್ಯಾಗ ಈ ಕೂಸನ್ನ ಮೊದಲ ಹಿಡದಾಕೀನ ನೀವು ಯಾರ ಪೈಕಿ ಅಂತ ಕೇಳಿದ್ರೇನು?"

"ಆವಾಗ ಬಾಯಿ ಒಣಗಿತ್ತು."

"ಹಂಗಾರ ಒಣಗಿದ ಬಾಯೇ ಚಲೋ" ಎಂದಳು. ಆಮೇಲೆ ದನಿ ಇಳಿಸಿ, "ನೀವು ತಕ್ಕಡಿ ಹಿಡದಾಕಿ. ಮುಳ್ಳು ಕುಣಿಯೂವಾಗ ಏನ್ ಮಾಡತಿದ್ದಿರಿ? ಮುಳ್ಳು ಹಿಡೀತಿದ್ದಿರೇನು?"

"ಹಿಡದ್ರ ತೂಕಾ ಸುಳ್ಳಾಗತೈತಿ. ತಾನ ನಿಲ್ಲೋ ತನಕ ನೋಡತಿದ್ದೆ."

"ಅಷ್ಟ ರಿ ಇದು. ಬರ್ರಿ ನಾಳೆ, ನನ್ನ ಮಗ್ಗಲದಾಗ ಕುಂದರ್ರಿ."

ನಾನು ಕೂರಲಿಲ್ಲ. ಕೂಸನ್ನು ಕಸಿದುಕೊಂಡವಳು ಈಗ ನನ್ನನ್ನೂ ತನ್ನ ಬುಟ್ಟಿಗೆ ಹಾಕಿಕೊಳ್ಳಲು ನೋಡುತ್ತಿದ್ದಾಳೆ ಎನಿಸಿತು. ಕಲಿಸುತ್ತೇನೆ ಎಂದು ಕರೆದವರಿಗೆ ಏನಾದರೂ ಬೇಕಾಗಿಯೇ ಇರುತ್ತದೆ. ಇವಳಿಗೆ ಏನು ಬೇಕು? ಅದು ಹೊಳೆಯಲಿಲ್ಲ, ಅದಕ್ಕೇ ಭಯ. ಅವಳು ರಾಮದುರ್ಗಕ್ಕೆ ಮರಳಿದ ಮೇಲೆ ಎರೆಯಲು ಮಗಳು ಪಕ್ಕದ ಮನೆಯ ಮುದುಕಿಯನ್ನು ಕರೆಸಿದಳು, ನನ್ನನ್ನಲ್ಲ. ಆಗ ಯಾರೂ ಇಲ್ಲದಾಗ ಜೋಳದ ಚೀಲದ ಪಕ್ಕ ಒಬ್ಬಳೇ ಕುಳಿತು ನೋಡಿದೆ. ಕಣ್ಣು ಮುಚ್ಚಿದ ಕೂಡಲೇ ಬದುವಿನ ಮೇಲೆ ಒರಗಿದ ಮನುಷ್ಯ, ಅವರ ಕೈಯ ರೊಟ್ಟಿ. ಎದೆ ಹೊಡೆದುಕೊಂಡಿತು. ಎದ್ದುಬಿಟ್ಟೆ. ಒಬ್ಬಳಿಂದ ಆಗುವ ಕೆಲಸವಲ್ಲ ಎಂಬುದು ಮಾತ್ರ ಗೊತ್ತಾಯಿತು.

ಬಾಣಂತನ ಮುಗಿಸಿ ಮಗಳನ್ನೂ ಕೂಸನ್ನೂ ಕಳಿಸಲು ನಾನೂ ರಾಮದುರ್ಗಕ್ಕೆ ಹೊರಟೆ. ಸವದತ್ತಿ ದಾಟಿ, ಮನೋಳಿಯ ಹತ್ತಿರ ಹೊಳೆ ಕಂಡಾಗ ಕೂಸನ್ನು ಕಿಡಕಿಗೆ ಎತ್ತಿ ತೋರಿಸಿದೆ. "ನೋಡವ್ವಾ, ನಮ್ಮ ಊರ ಮುಂದಿಂದ ಬಂದ ನೀರು ಇದು" ಎಂದೆ. ಮಗಳು ತಟ್ಟನೆ ಕೂಸಿನ ಕೆಳಗೆ ತನ್ನ ಕೈ ಹಿಡಿದಳು. ಕೂಸು ಹೆಗಲ ಮೇಲೆ ಆಗಲೇ ಕುತ್ತಿಗೆ ನಿಲ್ಲಿಸುತ್ತಿತ್ತು. ಇನ್ನು ಸ್ವಲ್ಪ ದಿನ ಹೋದರೆ ಕೂರುತ್ತದೆ. ಕುಳಿತ ಕೂಸನ್ನು ಮಣೆಯ ಮೇಲೆ ಕೂರಿಸಿ ಯಾರು ಬೇಕಾದರೂ ಎರೆಯಬಹುದು. ಕಾಲ ಮೇಲೆ ಹಾಕಿಕೊಳ್ಳುವ ಕಾಲ ಹೊರಟುಹೋಗುತ್ತಿದೆ ಎಂದು ಬಸ್ಸಿನಲ್ಲಿ ನನಗೆ ಗಾಬರಿ ಹತ್ತಿತು. ಇಳಿದ ಸಂಜೆಯೇ ಬೀಗತಿಗೆ ಹೇಳಿದೆ: "ನಡೀರಿ, ನಿಮ್ಮ ನರ್ಸಬಾಯಾರನ್ನ ತೋರಸ್ರಿ. ಕಲಿಯಾಕ ಅಲ್ಲ, ನೋಡಾಕ."

"ನೋಡಾಕ ಏನೂ ಇಲ್ರಿ ಅಲ್ಲಿ" ಎಂದು ನಕ್ಕಳು.

ಖರೇನೇ ಏನೂ ಇರಲಿಲ್ಲ. ಎರಡು ಕೋಣೆಯ ಮನೆ, ಬಾಗಿಲು ಪೂರಾ ತೆರೆದಿತ್ತು. ಗೋಡೆಯ ಮೇಲೆ ಬುದ್ಧನ ಚಿತ್ರ, ಕೆಳಗೆ ಮಡಿಸಿದ ಬಿಳಿ ಬಟ್ಟೆ. ನನ್ನ ಕಣ್ಣು ಕಾಣಿಕೆ ಡಬ್ಬಿ ಹುಡುಕಿತು. ಇಲ್ಲ. ತಾಯತ, ಲಾಕೆಟ್ಟು, ಸರ ಮಾರುವ ಕಪಾಟು ಹುಡುಕಿತು. ಇಲ್ಲ. ಏನೂ ಮಾರದ ಅಂಗಡಿಯನ್ನು ನಾನು ಹುಟ್ಟಿದಾಗಿಂದ ಕಂಡಿರಲಿಲ್ಲ. ನರ್ಸಬಾಯಿ ಸಣ್ಣಗೆ ಕತ್ತರಿಸಿದ ನರೆಗೂದಲಿನವಳು, ಹಿತ್ತಿಲ ಕಡೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ನಾನು ಕುಳಿತುಕೊಳ್ಳುವ ಮೊದಲೇ ಕೇಳಿದೆ:

"ಕೊರಳಾಗಿನ ಲಿಂಗ ತೆಗೀಬೇಕೇನ್ರಿ?"

"ಯಾಕ ತೆಗೀತೀರಿ? ಅದು ಎದಿ ಮ್ಯಾಲೆ ಐತಿ, ಉಸಿರು ಎದಿ ಒಳಗ ಐತಿ. ಇಬ್ಬರಿಗೂ ಜಾಗಾ ಐತಿ."

"ನೀವು ಗುರುಗಳೇನು?"

"ಅಲ್ಲಬೇ. ಸೂಜಿ ಚುಚ್ಚಿ ಚುಚ್ಚಿ ನಿವೃತ್ತಿ ಆದಾಕಿ. ನನಗೂ ಒಬ್ಬಾಕೀನ ಕುಂದರಾಕ ಬ್ಯಾಸರಾ, ನಿಮ್ಮ ಬೀಗತಿ ಬರತಾರ, ಕುಂದರತೇವಿ."

ಕೂರುವ ಮೊದಲು ಅವಳು ಬುದ್ಧನ ಚಿತ್ರದ ಮುಂದೆ ಕೈ ಮುಗಿದು ಏನೋ ಅಂದಳು. ಮಂತ್ರ ಹಾಕುತ್ತಿದ್ದಾಳೆ ಎಂದು ನನ್ನ ಕಿವಿ ನಿಗುರಿತು. "ಅದೇನಂದ್ರಿ ಈಗ?"

"ಬುದ್ಧಗ ಶರಣು ಅಂದೆ."

"ಶರಣು ನಮ್ಮ ಮಾತು. ನೀವು ಯಾವಾಗ ಒಯ್ದ್ರಿ ಅದನ್ನ?"

ನರ್ಸಬಾಯಿ ಹೊಟ್ಟೆ ಹಿಡಿದು ನಕ್ಕಳು. "ಯಾರು ಯಾರದನ್ನ ಒಯ್ದ್ರು ಆಮ್ಯಾಲೆ ನೋಡೂನು. ಮೊದಲ ಕುಂದರ್ರಿ."

ಕುಳಿತೆ. ಅವರಿಬ್ಬರೂ ಕಣ್ಣು ಮುಚ್ಚಿದರು. ನಾನು ಒಂದನ್ನು ಮುಚ್ಚಿದೆ. ತೆರೆದ ಕಣ್ಣನ್ನು ಬೀಗತಿಯ ಮೇಲಿಟ್ಟೆ. ಅವಳ ಮೂಗಿನ ತುದಿಯ ಮೇಲೆ ನೊಣ ಕುಳಿತಿತು. ಓಡಿಸಲಿಲ್ಲ. ನೊಣ ತುಟಿಗಿಳಿಯಿತು. ತುಟಿ ಒಂದಿಷ್ಟು ಅದುರಿತು, ಕೈ ಏಳಲಿಲ್ಲ. ಸೆರಗು ಮೇಲೇರಿ ಕೆಳಗಿಳಿಯಿತು, ಮತ್ತೆ ಏರಿತು, ಇಳಿಯಿತು. ಅವಳ ಉಸಿರು ನೋಡುತ್ತ ನೋಡುತ್ತ ನನ್ನದು ಯಾವಾಗ ಅದರ ಜೊತೆ ಹೆಜ್ಜೆ ಹಾಕಿತೋ ತಿಳಿಯಲಿಲ್ಲ. ನಡುವೆ ಬದುವಿನ ಮೇಲಿನ ಮನುಷ್ಯ ಬಂದರು. ಎದೆ ಹೊಡೆದುಕೊಂಡಿತು. ನನ್ನ ತೆರೆದ ಕಣ್ಣಿಗೆ ಬೀಗತಿ ಅಲ್ಲೇ ಇದ್ದಳು, ನೊಣವೂ ಇತ್ತು. ಈ ಸಲ ನಾನು ಏಳಲಿಲ್ಲ.

ಕಣ್ಣು ತೆರೆಯದೆಯೇ ನರ್ಸಬಾಯಿ ಕೇಳಿದಳು: "ಏನಬೇ, ನಿಮ್ಮ ಬೀಗತಿ ಏನೂ ಕದೀಲಿಲ್ಲ ಹೌದಲ್ಲ?"

"ಇನ್ನೂ ತನಾ ಇಲ್ರಿ" ಎಂದೆ.

"ನಿಮಗ ಗುರು ಬ್ಯಾಡ. ಕಾಯಾಕ ಒಬ್ಬಾಕಿ ಬೇಕು. ಒಂದು ಕಣ್ಣು ತೆರದ ಕುಂದರ್ರಿ, ಏನಾಗತೈತಿ? ದಿನಾ ಕುಂದರ್ರಿ."

ಮಗಳ ಮನೆಯಲ್ಲಿ ಬಹಳ ದಿನ ಇರಬಾರದು. ನಾನು ಇದ್ದೆ. ಇವತ್ತು ಅಮಾವಾಸ್ಯೆ, ನಾಳೆ ಬಸ್ಸು ಗದ್ದಲ, ನಾಡಿದ್ದು ಕೂಸಿಗೆ ನೆಗಡಿ. ಪ್ರತಿ ಮುಂಜಾನೆ ಬೀಗತಿಯ ಪಡಸಾಲೆಯಲ್ಲಿ ಎದುರುಬದುರು ಕುಳಿತೆವು. ಅವಳಿಗೆ ಇದರಿಂದ ಏನು ಲಾಭ ಎಂದು ಕಾಯುತ್ತಲೇ ಇದ್ದೆ. ಏನೂ ಕಾಣಲಿಲ್ಲ. ಕಂಡದ್ದು ಒಂದೇ: ಕುಳಿತಾಗ ಅವಳೂ ಒಮ್ಮೊಮ್ಮೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವಳ ಬದುವಿನ ಮೇಲೆ ಯಾರು ಒರಗಿದ್ದರೋ, ನಾನು ಕೇಳಲಿಲ್ಲ.

ಕೈ ನಿಂತಿತೇ ಎಂದರೆ, ಇಲ್ಲ. ಮುಂಜಾನೆ ಹಾಲಿನ ಲೋಟ ಹಿಡಿದರೆ ಇನ್ನೂ ಅಲುಗುತ್ತಿತ್ತು. ಆದರೆ ಮೊದಲು ನಡುಕ ಬಂದರೆ ಅದರ ಹಿಂದೆಯೇ ಎದೆ ಓಡುತ್ತಿತ್ತು, ಎದೆಯ ಹಿಂದೆ ನಾನು ಓಡುತ್ತಿದ್ದೆ. ಈಗ ನಡುಕ ಒಂದೇ ಬರುತ್ತಿತ್ತು, ಗದ್ದಲವಿಲ್ಲದೆ. ಮಗಳು ದೂರದಿಂದ ನನ್ನ ಲೋಟವನ್ನೇ ನೋಡುತ್ತಿದ್ದಳು. ಸಂಶಯದ ಕಣ್ಣು. ಎಷ್ಟಾದರೂ ನನ್ನ ಮಗಳು.

ಒಂದು ಮುಂಜಾನೆ ನೀರು ಕಾಯ್ದಿತ್ತು. ಕೂಸಿಗೆ ಎಣ್ಣೆ ತೀಡಿ ಆಗಿತ್ತು. ಬೀಗತಿ ಮಣೆಯ ಹತ್ತಿರ ಬಂದವಳು ಸೊಂಟದ ಮೇಲೆ ಕೈಯಿಟ್ಟು, "ಅಯ್ಯಯ್ಯ, ಹಿಡದಬಿಡ್ತು" ಎಂದು ಗೋಡೆಗೆ ಒರಗಿದಳು.

"ಏನಾತ್ರಿ ಅತ್ತಿ?" ಎಂದಳು ಮಗಳು.

"ಸೊಂಟ, ಯವ್ವಾ. ಕಾಲು ಚಾಚಾಕ ಆಗೂದಿಲ್ಲ. ಬೀಗತೇರ, ನೀವ ಕುಂದರ್ರಿ ಇವತ್ತ."

ನನ್ನ ಸಂತೆಯ ಕಣ್ಣು ತಟ್ಟನೆ ಅವಳ ಮೇಲೆ ಹೋಯಿತು. ಅರ್ಧ ತಾಸಿನ ಹಿಂದೆ ಇದೇ ಹೆಂಗಸು ತುಂಬಿದ ಎರಡು ಕೊಡ ಹೊತ್ತು ಮೆಟ್ಟಿಲು ಏರಿದ್ದನ್ನು ನಾನು ಕಂಡಿದ್ದೆ. ಮಗಳೂ ಕಂಡಿದ್ದಳು. ಮಗಳು ಅತ್ತೆಯನ್ನು ನೋಡಿದಳು, ಆಮೇಲೆ ನನ್ನ ಕೈಗಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಮಣೆಯ ಮೇಲೆ ಕುಳಿತು ಸೀರೆ ಮೇಲೆ ಮಾಡಿ ಕಾಲು ಚಾಚಿದೆ. ಮಗಳು ಬಾಗಿ ಕೂಸನ್ನು ನನ್ನ ಕಾಲ ಮೇಲೆ ಬೋರಲು ಇಟ್ಟಳು. ಇಟ್ಟ ಮೇಲೂ ತನ್ನ ಒಂದು ಕೈ ಕೂಸಿನ ಪಕ್ಕೆಯಿಂದ ತೆಗೆಯಲಿಲ್ಲ.

ಏನು ಹೇಳಲಿ! ಬೆಣ್ಣೆಯ ಮುದ್ದೆ. ಎಣ್ಣೆಯಲ್ಲಿ ಮಿರಮಿರ ಮಿಂಚುವ ಬೆನ್ನು, ಸೊಂಟದ ಮೇಲೆ ಎರಡು ಗುಳಿ, ಅಂಗಾಲು ಒಂದೊಂದು ಬದಾಮಿನಷ್ಟು. ಇಂಥ ಕೂಸು ಬೈಲಹೊಂಗಲ ತಾಲೂಕಿನಲ್ಲೂ ಇಲ್ಲ, ರಾಮದುರ್ಗ ತಾಲೂಕಿನಲ್ಲೂ ಇಲ್ಲ, ಯಾರು ಬೇಕಾದರೂ ಬಂದು ಪಂದ್ಯ ಕಟ್ಟಲಿ. ನನ್ನ ಎಡಗೈ ಎದೆಯ ಕೆಳಗೆ ಹಾಕಿದೆ. ಅಂಗೈ ತುಂಬ ಅವಳ ಎದೆ ಬಡಿತ, ಅವಳ ಉಸಿರು. ಅಂಗೈಗೆ ಸಿಗುವ ಹಾಗೆ ಏರುತ್ತಿತ್ತು, ಇಳಿಯುತ್ತಿತ್ತು. ಕೈ ನಡುಗಿತು. ನಡುಗಲಿ ಎಂದು ಮುಳ್ಳನ್ನು ನೋಡುವ ಹಾಗೆ ನೋಡಿದೆ. ಹಿಡಿಯಲು ಹೋಗಲಿಲ್ಲ. ನಡುಗುವ ಕೈಯ ಮೇಲೆ ಕೂಸು ಜಾರಲಿಲ್ಲ. ಅದಕ್ಕೆ ಆ ಅಲುಗಾಟವೇ ತೊಟ್ಟಿಲೆನಿಸಿತೋ ಏನೋ, ಬಾಯಿ ಚಪ್ಪರಿಸಿತು.

ಮಗಳು ತನ್ನ ಕೈ ಹಿಂದಕ್ಕೆ ತೆಗೆದಳು.

ನಾನು ತಲೆ ಎತ್ತಿ ನೋಡಿದರೆ, ಸೊಂಟ ಹಿಡಿದ ಬೀಗತಿ ನೆಟ್ಟಗೆ ನಿಂತು, ಹಂಡೆಯಿಂದ ತುಂಬಿದ ತಂಬಿಗೆಯನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದಳು.

"ಸೊಂಟ ಹೆಂಗೈತ್ರಿ ಬೀಗತೇರ?" ಎಂದೆ.

"ಯಾವ ಸೊಂಟ?" ಎಂದಳು.

"ಸಂತ್ಯಾಗ ಇಂಥಾ ಮಂದೀನ ನಾ ದಿನಾ ನೋಡೇನಿ. ಮ್ಯಾಲೆ ನೋಡ್ರಿ ಅಂತಾರ, ಕೆಳಗ ಕೈ ಹಾಕತಾರ."

"ಹಾಕೇನಲ್ರಿ ಕೈ, ನಿಮ್ಮ ಕಾಲ ಮ್ಯಾಲೆ ಐತಿ ನೋಡ್ರಿ" ಎಂದು ಕೂಸಿನ ಕಡೆ ಗದ್ದ ಎತ್ತಿದಳು. ಅಷ್ಟರಲ್ಲಿ ಕೂಸು ನನ್ನ ಸೀರೆ ತೋಯಿಸಿತು. ನಾನು ಎಷ್ಟು ಗಟ್ಟಿಯಾಗಿ ನಕ್ಕೆನೆಂದರೆ ಕೂಸು ಬೆಚ್ಚಿ ಅಳತೊಡಗಿತು. ಬೀಗತಿಯೂ ತುಂಬಿದ ತಂಬಿಗೆ ಹಿಡಿದುಕೊಂಡೇ ನಗುತ್ತಿದ್ದಳು.

"ನಿಂತ ನಗಬ್ಯಾಡ್ರಿ, ನೀರು ಹಾಕ್ರಿ" ಎಂದೆ. "ಆರಾಕ ಹತ್ತೈತಿ."